ರಜೆಯ ಏಳು ವಾರ, ಊರಿನ ಗ್ರಂಥಾಲಯ
ತುಮಕೂರು, ಗುಬ್ಬಿ, ಕುಣಿಗಲ್‌ನ ಪೋಷಕರಿಗೆ ಮಕ್ಕಳ ಬೇಸಿಗೆ ಓದಿನ ಕೈಪಿಡಿ

ಏಪ್ರಿಲ್ ಎರಡನೇ ವಾರ ಶಾಲೆಯ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಹತ್ತಿರ ಹತ್ತಿರ ಏಳು ವಾರ. ಈ ಹೊತ್ತಿಗೆ ತುಮಕೂರಿನ ಬಡಾವಣೆಗಳಲ್ಲಿ ಬೇಸಿಗೆ ಶಿಬಿರದ ಕರಪತ್ರಗಳು ದಿನಪತ್ರಿಕೆಯ ಮಡಿಕೆಯೊಳಗೇ ಮನೆಗೆ ಬರುತ್ತವೆ: ಈಜು, ಕರಾಟೆ, ಅಬ್ಯಾಕಸ್, ಸ್ಪೋಕನ್ ಇಂಗ್ಲಿಷ್. ಶುಲ್ಕ ಕಟ್ಟುವ ಶಕ್ತಿಯಿದ್ದವರ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಗಾರ್ಮೆಂಟ್ಸಿಗೆ, ತೋಟದ ಕೂಲಿಗೆ, ಕಟ್ಟಡದ ಕೆಲಸಕ್ಕೆ ಹೋಗುವವರ ಮಕ್ಕಳ ಪಾಲಿಗೆ ಉಳಿಯುವುದು ಬೀದಿಯ ಆಟ, ಬಿಸಿಲೇರಿದ ಮೇಲೆ ಮೊಬೈಲು.

ಈ ಎರಡೂ ಬಗೆಯ ಮಕ್ಕಳಿಗೆ ಸಮನಾಗಿ ಬಾಗಿಲು ತೆರೆದಿರುವ ಜಾಗವೊಂದು ಜಿಲ್ಲಾ ಕೇಂದ್ರದಲ್ಲೂ ಇದೆ, ತಾಲ್ಲೂಕು ಪಟ್ಟಣದಲ್ಲೂ ಇದೆ, ಗ್ರಾಮ ಪಂಚಾಯಿತಿಯ ಊರಿನಲ್ಲೂ ಇದೆ. ಅದು ಸಾರ್ವಜನಿಕ ಗ್ರಂಥಾಲಯ. ಅಲ್ಲಿ ರಜೆಯ ಓದನ್ನು ಕಟ್ಟಿಕೊಳ್ಳುವುದು ಹೇಗೆ, ಯಾರನ್ನು ಏನು ಕೇಳಬೇಕು, ಯಾವ ಪುಸ್ತಕ ಕೊಡಬೇಕು, ಏನು ಮಾಡಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ರಜೆಯಲ್ಲೂ ಓದು ಏಕೆ?

ರಜೆ ಆಟಕ್ಕೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುವುದನ್ನು ಈಗಷ್ಟೇ ಕಲಿತ ಮಗು ಏಳು ವಾರ ಅಕ್ಷರದ ಮುಖ ನೋಡದಿದ್ದರೆ ಜೂನ್‌ನಲ್ಲಿ ತಡವರಿಸುತ್ತದೆ. ಇದು ಪ್ರತಿ ಪ್ರಾಥಮಿಕ ಶಾಲೆಯ ಮೇಷ್ಟರಿಗೂ ಗೊತ್ತು. ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇನ್ಸ್ ಅಟ್ಲಾಂಟಾ ನಗರದ ಶಾಲಾ ಮಕ್ಕಳನ್ನು ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದ ಪುಸ್ತಕ ಇದನ್ನೇ ಹೇಳಿತು. ಬಡವರ ಮತ್ತು ಉಳ್ಳವರ ಮಕ್ಕಳ ಕಲಿಕೆಯ ಅಂತರ ಶಾಲೆ ನಡೆಯುವ ದಿನಗಳಿಗಿಂತ ಬೇಸಿಗೆಯಲ್ಲೇ ಹೆಚ್ಚು ಹಿಗ್ಗುತ್ತದೆ. ಆ ತಿಂಗಳುಗಳಲ್ಲಿ ಮಕ್ಕಳ ಬೆಳವಣಿಗೆಗೆ ಬೇರೆಲ್ಲ ಸಾರ್ವಜನಿಕ ಸಂಸ್ಥೆಗಳಿಗಿಂತ ಹೆಚ್ಚು ನೆರವಾಗುವುದು ಗ್ರಂಥಾಲಯ ಎಂಬುದು ಅವರು ಕಂಡುಕೊಂಡ ಇನ್ನೊಂದು ಸಂಗತಿ.

ಇದಕ್ಕಿಂತ ನಮಗೆ ಹತ್ತಿರದ ಪಾಠ ರಿಚರ್ಡ್ ಆಲಿಂಗ್ಟನ್ ಮತ್ತು ಆ್ಯನ್ ಮೆಕ್‌ಗಿಲ್-ಫ್ರಾನ್ಜನ್ ಫ್ಲಾರಿಡಾದಲ್ಲಿ ನಡೆಸಿದ ಪ್ರಯೋಗದಲ್ಲಿದೆ. ಬಡ ಕುಟುಂಬಗಳ ಪ್ರಾಥಮಿಕ ಶಾಲಾ ಮಕ್ಕಳನ್ನು ಪುಸ್ತಕ ಮೇಳಕ್ಕೆ ಕರೆತಂದು, ಬೇಸಿಗೆಗೆ 12ರಂತೆ ತಮಗೆ ಬೇಕಾದ ಪುಸ್ತಕಗಳನ್ನು ತಾವೇ ಆರಿಸಿಕೊಳ್ಳಲು ಬಿಟ್ಟರು. ಸತತ ಮೂರು ಬೇಸಿಗೆ ಹೀಗೆ ನಡೆಯಿತು. ಪಾಠ ಮಾಡಲಿಲ್ಲ, ಪರೀಕ್ಷೆಗೆ ಸಿದ್ಧಪಡಿಸಲಿಲ್ಲ. ಆದರೂ ಪುಸ್ತಕ ಸಿಕ್ಕ ಮಕ್ಕಳ ಓದು ಪುಸ್ತಕ ಸಿಗದವರಿಗಿಂತ ಸುಧಾರಿಸಿತು. ತೀರಾ ಬಡ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಲಾಭವಾಯಿತು.

ಇಲ್ಲಿ ಗಮನಿಸಬೇಕಾದ್ದು ‘ತಾವೇ ಆರಿಸಿಕೊಂಡ’ ಎಂಬ ಮಾತು. ಪುಸ್ತಕದ ಅಂಗಡಿಯಲ್ಲಿ ದುಡ್ಡು ಕೊಡುವವರು ಅಪ್ಪ ಅಮ್ಮ, ಹಾಗಾಗಿ ಆರಿಸುವವರೂ ಅವರೇ. ನೂರೈವತ್ತು ರೂಪಾಯಿಯ ಪುಸ್ತಕವನ್ನು ಮಗು ಎರಡು ಪುಟ ಓದಿ ಬಿಟ್ಟರೆ ಮನೆಯಲ್ಲಿ ಬೈಗುಳ. ಗ್ರಂಥಾಲಯದಲ್ಲಿ ಆ ಭಯವಿಲ್ಲ. ಹಿಡಿಸದ ಪುಸ್ತಕವನ್ನು ನಾಳೆ ವಾಪಸು ಕೊಟ್ಟು ಇನ್ನೊಂದನ್ನು ತರಬಹುದು. ತಪ್ಪು ಪುಸ್ತಕ ಆರಿಸುವ ಸ್ವಾತಂತ್ರ್ಯ ಪುಕ್ಕಟೆಯಾಗಿ ಸಿಗುವುದು ಅಲ್ಲಿ ಮಾತ್ರ, ಮಗು ಓದುಗನಾಗುವುದು ಆ ಸ್ವಾತಂತ್ರ್ಯದಿಂದಲೇ. ಬೇಸಿಗೆಯ ಓದಿಗೆ ಗ್ರಂಥಾಲಯವೇ ತಕ್ಕ ಜಾಗ ಎನ್ನುವುದಕ್ಕೆ ದೊಡ್ಡ ಕಾರಣ ಇದು.

ಇದು ನಿಮ್ಮ ತೆರಿಗೆಯ ಗ್ರಂಥಾಲಯ

ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಮದರಾಸು, ಹೈದರಾಬಾದು ಬಿಟ್ಟರೆ ದೇಶದಲ್ಲಿ ಇಂಥ ಕಾಯ್ದೆ ಮಾಡಿದ ಮೊದಲಿಗರ ಸಾಲಿನಲ್ಲಿ ಅಂದಿನ ಮೈಸೂರು ರಾಜ್ಯವೂ ಸೇರುತ್ತದೆ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ಪುಸ್ತಕ ಇರುವುದು ಬಳಕೆಗೆ, ಕಾಪಾಡಿ ಇಡುವುದಕ್ಕಲ್ಲ ಎಂಬುದು ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ.

ಈ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಲೈಬ್ರರಿ ಸೆಸ್ ಎಂಬ ಸಾಲು ಕಾಣುತ್ತದೆ. ಬಾಡಿಗೆ ಮನೆಯಲ್ಲಿರುವವರು ಕೊಡುವ ಬಾಡಿಗೆಯಲ್ಲೂ ಅದರ ಪಾಲಿದೆ. ಆದ್ದರಿಂದ ಮಗುವಿನ ಕೈಹಿಡಿದು ಗ್ರಂಥಾಲಯಕ್ಕೆ ಹೋಗುವಾಗ ಸಂಕೋಚ ಬೇಡ. ಯಾರ ಉಪಕಾರವನ್ನೂ ಕೇಳಲು ನೀವು ಹೋಗುತ್ತಿಲ್ಲ.

ಯಾವ ಊರಿನವರು ಯಾವ ಬಾಗಿಲಿಗೆ?

ತುಮಕೂರು ನಗರ: 2011ರ ಜನಗಣತಿಯ ಹೊತ್ತಿಗೇ ನಗರದ ಜನಸಂಖ್ಯೆ 3 ಲಕ್ಷ ಮುಟ್ಟಿತ್ತು. ಇಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೇಂದ್ರ ಗ್ರಂಥಾಲಯವೂ ಬಡಾವಣೆಗಳಲ್ಲಿ ಶಾಖೆಗಳೂ ಇವೆ. ಪುಸ್ತಕದ ಸಂಗ್ರಹ ದೊಡ್ಡದಿರುವುದು ಕೇಂದ್ರ ಗ್ರಂಥಾಲಯದಲ್ಲಿ, ಮಗು ದಿನಾ ನಡೆದು ಹೋಗಬಹುದಾದ್ದು ಶಾಖೆಗೆ. ಚಿಕ್ಕ ಮಕ್ಕಳಿಗೆ ಶಾಖೆಯೇ ಲೇಸು. ವಾರಕ್ಕೊಮ್ಮೆ ಮಾತ್ರ ಕೇಂದ್ರ ಗ್ರಂಥಾಲಯಕ್ಕೆ ಕರೆದೊಯ್ಯಿರಿ.

ಗುಬ್ಬಿ ಮತ್ತು ಕುಣಿಗಲ್: ಗುಬ್ಬಿ ಪಟ್ಟಣ ಪಂಚಾಯಿತಿ, ಕುಣಿಗಲ್ ಪುರಸಭೆ. ಎರಡೂ ಪಟ್ಟಣಗಳಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಅಡಿಯ ಶಾಖಾ ಗ್ರಂಥಾಲಯಗಳಿವೆ. ಸಂಗ್ರಹ ಸಣ್ಣದು, ಓದುವ ಕೋಣೆಯೂ ಸಣ್ಣದು. ಬೆಳಗ್ಗೆ ಪತ್ರಿಕೆ ಓದುವ ಹಿರಿಯರಿಂದ, ಮಧ್ಯಾಹ್ನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರಿಂದ ಕುರ್ಚಿಗಳು ತುಂಬಿರಬಹುದು. ಮಕ್ಕಳಿಗೆ ಯಾವ ಹೊತ್ತು ಬಿಡುವು ಸಿಗುತ್ತದೆ ಎಂದು ಗ್ರಂಥಪಾಲಕರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಬಸ್ಸೂ ಇದೆ, ರೈಲೂ ಇದೆ. ರಜೆಯಲ್ಲಿ ಒಂದು ದಿನ ಜಿಲ್ಲಾ ಕೇಂದ್ರದ ಗ್ರಂಥಾಲಯ ನೋಡಲು ಮಕ್ಕಳ ಗುಂಪನ್ನು ಕರೆತರುವುದು ಕಷ್ಟವಲ್ಲ.

ಹಳ್ಳಿಗಳು: ಗುಬ್ಬಿ ತಾಲ್ಲೂಕಿನ ನಿಟ್ಟೂರು, ಕಡಬ, ಚೇಳೂರು, ಹಾಗಲವಾಡಿ, ಸಿ.ಎಸ್. ಪುರದ ಕಡೆಯವರಿಗೂ ಕುಣಿಗಲ್ ತಾಲ್ಲೂಕಿನ ಯಡಿಯೂರು, ಅಮೃತೂರು, ಹುಲಿಯೂರುದುರ್ಗದ ಕಡೆಯವರಿಗೂ ಹತ್ತಿರದ ಬಾಗಿಲು ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಈಗ ಅದರ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. 2019ರಲ್ಲಿ ಈ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಮರುವರ್ಷ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಅದರ ಮುಖ್ಯ ಅಂಶ. ಆಮೇಲಿನ ವರ್ಷಗಳಲ್ಲಿ ಪಂಚಾಯಿತಿಗಳು ರಜೆಯಲ್ಲಿ ಹಳ್ಳಿ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳನ್ನೂ ನಡೆಸಿಕೊಂಡು ಬಂದಿವೆ. ಅನೇಕ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಮತ್ತು ಟಿ.ವಿ. ಸಹ ಇವೆ.

ಬೆಂಗಳೂರಿನಲ್ಲಿ ನೆಲೆಸಿದ ಕುಣಿಗಲ್, ಗುಬ್ಬಿ ಕಡೆಯ ಕುಟುಂಬಗಳು ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಊರಿಗೆ ಕಳಿಸುವುದು ರೂಢಿ. ಮಗು ಊರು ಮುಟ್ಟಿದ ವಾರದಲ್ಲೇ ತಾತ ಅಥವಾ ಮಾವನ ಜೊತೆ ಅರಿವು ಕೇಂದ್ರಕ್ಕೆ ಹೋಗಲಿ. ಸದಸ್ಯತ್ವಕ್ಕೆ ಅಡ್ಡಿಯಾದರೆ ಅಲ್ಲೇ ಕೂತು ಓದಲಂತೂ ಯಾರೂ ಬೇಡ ಎನ್ನುವುದಿಲ್ಲ.

ಸದಸ್ಯತ್ವ: ಏನು ಒಯ್ಯಬೇಕು, ಏನು ಕೇಳಬೇಕು

ಪಟ್ಟಣದ ಗ್ರಂಥಾಲಯಕ್ಕೆ ಹೋಗುವಾಗ ಮಗುವಿನ ಎರಡು ಭಾವಚಿತ್ರ, ಮಗುವಿನ ಮತ್ತು ಪೋಷಕರ ಆಧಾರ್ ಪ್ರತಿ, ವಿಳಾಸದ ದಾಖಲೆ ಜೊತೆಗಿರಲಿ. ಮನೆ ಕಂದಾಯದ ರಸೀದಿಯ ಪ್ರತಿ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಪುಸ್ತಕ ಮನೆಗೆ ಒಯ್ಯಲು ಸಣ್ಣ ಮೊತ್ತದ ಠೇವಣಿ ಕೇಳಬಹುದು. ರಸೀದಿ ಪಡೆದು ಜೋಪಾನವಾಗಿಡಿ. ಅರಿವು ಕೇಂದ್ರದಲ್ಲಿ ಮಕ್ಕಳ ಹೆಸರು, ವಯಸ್ಸು, ಶಾಲೆಯ ವಿವರ ಬರೆದುಕೊಂಡು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಾರೆ.

ಮೊದಲ ದಿನವೇ ಇಷ್ಟನ್ನು ಕೇಳಿ ಬರೆದುಕೊಳ್ಳಿ:

• ರಜೆಯ ದಿನ ಯಾವುದು, ಬೇಸಿಗೆಯ ಸಮಯ ಯಾವುದು? ಇಲಾಖೆಯ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ವಾರದ ರಜೆ. ಭಾನುವಾರ ತೆರೆದಿರುವುದು ದುಡಿಯುವ ಪೋಷಕರಿಗೆ ಅನುಕೂಲ.
• ಒಂದು ಸಲಕ್ಕೆ ಎಷ್ಟು ಪುಸ್ತಕ, ಎಷ್ಟು ದಿನಕ್ಕೆ?
• ಪುಸ್ತಕ ಹರಿದರೆ ಅಥವಾ ಕಳೆದರೆ ಏನು ಮಾಡಬೇಕು?
• ಮಕ್ಕಳ ಪುಸ್ತಕಗಳು ಯಾವ ಕಪಾಟಿನಲ್ಲಿವೆ? ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕಗಳಿವೆಯೇ?
• ಈ ಬೇಸಿಗೆಯಲ್ಲಿ ಶಿಬಿರ, ಕಥೆ ಹೇಳುವ ಕಾರ್ಯಕ್ರಮ ಇದೆಯೇ? ಇಲ್ಲದಿದ್ದರೆ ನಾವು ನಾಲ್ಕು ಮನೆಯವರು ಸೇರಿ ವಾರಕ್ಕೆರಡು ದಿನ ಒಂದೊಂದು ತಾಸು ನಡೆಸಬಹುದೇ?

ಕೊನೆಯ ಪ್ರಶ್ನೆಯನ್ನು ಕೇಳದೆ ಬರಬೇಡಿ. ಶಿಬಿರ ಇಲ್ಲ ಎಂಬ ಉತ್ತರ ಸಿಕ್ಕರೆ ನೀವೇ ಶುರುಮಾಡಲು ಅವಕಾಶವಿದೆ ಎಂದು ತಿಳಿಯಿರಿ.

ಆರು ವಾರದ ಯೋಜನೆ

ರಜೆಯ ಮೊದಲ ವಾರ ಮಕ್ಕಳನ್ನು ಅವರ ಪಾಡಿಗೆ ಬಿಡಿ. ಉಳಿದ ಆರು ವಾರಕ್ಕೆ ಒಂದು ನಮೂನೆ ಇಲ್ಲಿದೆ. ವಾರಕ್ಕೆ ಎರಡು ದಿನ, ಬಿಸಿಲೇರುವ ಮುನ್ನ ಒಂದು ತಾಸು ಸಾಕು. ಎಂಟು ಹತ್ತು ಮಕ್ಕಳು, ಒಬ್ಬ ಹಿರಿಯರು, ಒಂದು ಜಮಖಾನ ಇಷ್ಟೇ ಬಂಡವಾಳ. ಮೊದಲ 10 ನಿಮಿಷ ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ. ಮುಂದಿನ 25 ನಿಮಿಷ ಪ್ರತಿಯೊಬ್ಬರೂ ತಮ್ಮ ತಮ್ಮ ಪುಸ್ತಕವನ್ನು ಸದ್ದಿಲ್ಲದೆ ಓದಲಿ. ಹಿರಿಯರೂ ಓದಲಿ, ಫೋನ್ ನೋಡದಿರಲಿ. 15 ನಿಮಿಷ ಓದಿದ್ದರ ಬಗ್ಗೆ ಮಾತು. ಕೊನೆಯ 10 ನಿಮಿಷ ಮನೆಗೆ ಒಯ್ಯುವ ಪುಸ್ತಕದ ಆಯ್ಕೆ.

ಮೊದಲ ವಾರ, ಪರಿಚಯ: ಕಾರ್ಡು ಮಾಡಿಸುವುದು, ಕಪಾಟುಗಳ ಮುಂದೆ ಸುಮ್ಮನೆ ಓಡಾಡುವುದು. ಗ್ರಂಥಪಾಲಕರು ಮಕ್ಕಳಿಗೆ ಪುಸ್ತಕ ಜೋಡಿಸುವ ಕ್ರಮ ತೋರಿಸಲಿ, ಪುಸ್ತಕದ ಬೆನ್ನ ಮೇಲಿನ ಸಂಖ್ಯೆಯ ಅರ್ಥ ಹೇಳಲಿ. ಆ ಸಂಖ್ಯೆ ತಿಳಿದ ಮಗು ಮುಂದಿನ ವಾರದಿಂದ ಯಾರನ್ನೂ ಕೇಳದೆ ಪುಸ್ತಕ ಹುಡುಕುತ್ತದೆ.

ಎರಡನೇ ವಾರ, ಹಕ್ಕಿ, ಮರ, ಕೆರೆ: ತುಮಕೂರಿನವರಿಗೆ ಅಮಾನಿಕೆರೆಯೂ ದೇವರಾಯನದುರ್ಗದ ಕಾಡೂ ಹತ್ತಿರ, ಕುಣಿಗಲ್‌ನವರಿಗೆ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಪುಸ್ತಕಗಳಲ್ಲಿ ಚಿತ್ರ ನೋಡಿ, ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಅದೇ ಹಕ್ಕಿಯನ್ನು ಹುಡುಕಲಿ. ಸಿಕ್ಕ ಹಕ್ಕಿಗೆ ನಿಮ್ಮೂರಿನಲ್ಲಿ ಏನು ಹೆಸರು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ.

ಮೂರನೇ ವಾರ, ನಾಟಕ: ಗುಬ್ಬಿಯ ಮಕ್ಕಳಿಗೆ ಇದು ತವರಿನ ವಿದ್ಯೆ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಅದರೊಳಗೆ ಬೆಳೆದ ಗುಬ್ಬಿ ವೀರಣ್ಣನವರು ಅದನ್ನು ನಾಡಿಗೇ ಹೆಸರಾಗುವಂತೆ ನಡೆಸಿದರು. ಮುಂದೆ ಡಾ. ರಾಜ್‌ಕುಮಾರ್ ಎಂದು ಹೆಸರಾದ ಮುತ್ತುರಾಜ, ಬಿ.ವಿ. ಕಾರಂತರು ಎಳೆವಯಸ್ಸಿನಲ್ಲಿ ಇದೇ ಕಂಪನಿಯ ರಂಗದಲ್ಲಿದ್ದವರು. ಚಿಕ್ಕವರು ಮಕ್ಕಳ ನಾಟಕವೊಂದನ್ನು ಪಾತ್ರ ಹಂಚಿಕೊಂಡು ಓದಲಿ. ವೇಷ, ಪರದೆ ಏನೂ ಬೇಡ. ಹೈಸ್ಕೂಲು, ಪಿಯುಸಿಯವರು ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ವನ್ನೋ, ವೈದೇಹಿ ನಿರೂಪಿಸಿರುವ ಕಾರಂತರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನೋ ಓದಲಿ. ತಮ್ಮ ಊರಿನ ಹೆಸರು ಪುಸ್ತಕದೊಳಗೆ ಸಿಕ್ಕಾಗ ಮಕ್ಕಳ ಓದಿನ ಹುರುಪೇ ಬೇರೆ.

ನಾಲ್ಕನೇ ವಾರ, ಹಾಡು, ಕಥೆ, ಒಗಟು: ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಕನ್ನಡ ಬಲ್ಲ ಎಲ್ಲ ಕಡೆಯೂ ಕೇಳಿಬರುತ್ತದೆ. ಅಂಥ ಹಾಡು ಕಟ್ಟಿದ ಜನ ಈಗಲೂ ಇದ್ದಾರೆ. ಪ್ರತಿ ಮಗುವೂ ಅಜ್ಜಿಯನ್ನೋ ನೆರೆಮನೆಯ ಹಿರಿಯರನ್ನೋ ಕೇಳಿ ಒಂದು ಹಾಡು, ಒಂದು ಕಥೆ, ಮೂರು ಒಗಟು ಬರೆದು ತರಲಿ. ಗ್ರಂಥಾಲಯದ ಜನಪದ ಕಥೆಗಳ ಸಂಕಲನದಲ್ಲಿ ಅದೇ ಕಥೆ ಬೇರೆ ರೂಪದಲ್ಲಿ ಇದೆಯೇ ಎಂದು ಹುಡುಕಲಿ. ಓದು ಬರಹ ಬಾರದ ಅಜ್ಜಿಯರನ್ನು ಒಂದು ದಿನ ಗ್ರಂಥಾಲಯಕ್ಕೇ ಕರೆತಂದು ಕೂರಿಸಿ ಕಥೆ ಹೇಳಿಸಿ. ಗ್ರಂಥಾಲಯ ತಮಗಲ್ಲ ಎಂದುಕೊಂಡಿದ್ದವರಿಗೂ ಅದು ತಮ್ಮದೆನಿಸಬೇಕು.

ಐದನೇ ವಾರ, ಬದುಕಿದವರ ಕಥೆ: ಜೀವನ ಚರಿತ್ರೆಗಳ ವಾರ. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲೆಯ ಸಣ್ಣ ಪುಸ್ತಕಗಳು ಬಹುತೇಕ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಒಂದನ್ನು ಒಂದೇ ಸಲ ಕೂತು ಮುಗಿಸಬಹುದು. ದೊಡ್ಡವರಿಗೆ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’, ಸಿದ್ದಲಿಂಗಯ್ಯನವರ ‘ಊರುಕೇರಿ’ ಇವೆ. ತುಮಕೂರಿನ ಮಕ್ಕಳು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಬಗ್ಗೆ ಓದಿ, ಆ ಮಠದಲ್ಲಿದ್ದು ಓದಿದ ಹಳೆಯ ವಿದ್ಯಾರ್ಥಿಯೊಬ್ಬರನ್ನು ಮಾತಾಡಿಸಿ ಬರಲಿ. ನಗರದ ಪ್ರತಿ ಬೀದಿಯಲ್ಲೂ ಅಂಥವರೊಬ್ಬರು ಸಿಗುತ್ತಾರೆ.

ಆರನೇ ವಾರ, ನಮ್ಮದೇ ಪುಸ್ತಕ: ಆರು ವಾರ ಬರೆದಿಟ್ಟ ಹಕ್ಕಿಯ ಹೆಸರು, ಒಗಟು, ಅಜ್ಜಿಯ ಕಥೆ, ಚಿತ್ರ ಎಲ್ಲವನ್ನೂ ಸೇರಿಸಿ ಕೈಬರಹದ ಪತ್ರಿಕೆ ಮಾಡಿ, ಹೊಲಿದು, ರಟ್ಟು ಹಾಕಿ. ಗ್ರಂಥಪಾಲಕರು ಅದಕ್ಕೂ ಸಂಖ್ಯೆ ಕೊಟ್ಟು ಕಪಾಟಿನಲ್ಲಿ ಇಡಲಿ. ಕೊನೆಯ ದಿನ ಅಪ್ಪ ಅಮ್ಮಂದಿರ ಮುಂದೆ ಓದುವ ಸಣ್ಣ ಕಾರ್ಯಕ್ರಮ ನಡೆಸಿ, ಒಯ್ದ ಪುಸ್ತಕಗಳನ್ನೆಲ್ಲ ವಾಪಸು ಕೊಡಿ.

ವಯಸ್ಸಿಗೆ ತಕ್ಕ ಪುಸ್ತಕ

ಆಯ್ಕೆ ಮಗುವಿನದು ಎಂದ ಮೇಲೆ ಪಟ್ಟಿ ಏಕೆ? ಕಪಾಟಿನ ಮುಂದೆ ದಿಕ್ಕು ತೋಚದೆ ನಿಂತ ಮಗುವಿಗೆ ಮೂರು ನಾಲ್ಕು ಪುಸ್ತಕ ಮುಂದಿಟ್ಟು ‘ಇದರಲ್ಲಿ ಯಾವುದು?’ ಎಂದು ಕೇಳುವುದಕ್ಕೆ.

6ರಿಂದ 8 ವರ್ಷ: ಚಿತ್ರ ಹೆಚ್ಚು, ಅಕ್ಷರ ಕಡಿಮೆ ಇರುವ ಪುಸ್ತಕಗಳು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್‌ನ ಕಥೆಗಳು. ಗಟ್ಟಿಯಾಗಿ ಓದಿ ಹೇಳಲು ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’.

9ರಿಂದ 12 ವರ್ಷ: ಪಂಚತಂತ್ರ, ತೆನಾಲಿ ರಾಮನ ಕಥೆಗಳು, ಚಿತ್ರಕಥೆಗಳು, ಜಪಾನಿನ ಶಾಲೆಯೊಂದರ ಕಥೆಯಾದ ‘ತೊತ್ತೊ-ಚಾನ್’ನ ಕನ್ನಡ ಅನುವಾದ. ವಿಜ್ಞಾನದ ಕಡೆ ಒಲವಿದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆಯ ಹಳೆಯ ಸಂಚಿಕೆಗಳು. ಶಿವರಾಮ ಕಾರಂತರು ಮಕ್ಕಳಿಗಾಗಿಯೇ ಮಾಡಿದ ವಿಶ್ವಕೋಶ ‘ಬಾಲಪ್ರಪಂಚ’ ಹಳೆಯ ಗ್ರಂಥಾಲಯಗಳಲ್ಲಿ ಇನ್ನೂ ಸಿಕ್ಕೀತು, ಕೇಳಿ ನೋಡಿ.

13ರಿಂದ 18 ವರ್ಷ: ತೇಜಸ್ವಿಯವರ ‘ಪರಿಸರದ ಕತೆ’, ‘ಕರ್ವಾಲೊ’, ‘ಜುಗಾರಿ ಕ್ರಾಸ್’. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’. ಸಸ್ಯಗಳ ಬಗ್ಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಇಂಗ್ಲಿಷ್, ಉರ್ದು, ತೆಲುಗು ಓದುವ ಮಕ್ಕಳಿದ್ದರೆ ಆ ಭಾಷೆಯ ಪುಸ್ತಕಗಳನ್ನೂ ಕೇಳಿ. ಮನೆಮಾತಿನ ಓದೂ ಓದೇ.

ಹರೆಯದವರನ್ನು ಚಿಕ್ಕವರ ಗುಂಪಿನಲ್ಲಿ ಕೂರಿಸಿದರೆ ಎರಡನೇ ದಿನಕ್ಕೆ ಬರುವುದಿಲ್ಲ. ಅವರಿಗೆ ಜವಾಬ್ದಾರಿ ಕೊಡಿ. ಚಿಕ್ಕವರಿಗೆ ಓದಿ ಹೇಳುವುದು, ಪುಸ್ತಕದ ಲೆಕ್ಕ ಇಡುವುದು, ಹರಿದ ಪುಸ್ತಕಕ್ಕೆ ಅಂಟು ಹಚ್ಚಿ ಸರಿಮಾಡುವುದು ಅವರ ಕೆಲಸವಾಗಲಿ. ಎಸ್ಸೆಸ್ಸೆಲ್ಸಿ ಬರೆದು ಮುಂದೇನು ಎಂಬ ಚಿಂತೆಯಲ್ಲಿರುವ ಹುಡುಗ ಹುಡುಗಿಯರಿಗೆ ಈ ಕೆಲಸ ಮನಸ್ಸಿನ ಭಾರವನ್ನೂ ಇಳಿಸುತ್ತದೆ.

ಮಾಡಬಾರದ ಐದು ಕೆಲಸ

ಒಂದು: ಓದಿದ ಕೂಡಲೇ ಪ್ರಶ್ನೆ ಕೇಳಬೇಡಿ. ‘ಈ ಕಥೆಯ ನೀತಿ ಏನು?’ ಎಂದಾಕ್ಷಣ ಪುಸ್ತಕ ಪಠ್ಯವಾಗುತ್ತದೆ. ‘ನಿಂಗೆ ಯಾರು ಇಷ್ಟವಾದರು?’ ಎಂದು ಕೇಳಿದರೆ ಮಗು ತಾನಾಗಿ ಮಾತಾಡುತ್ತದೆ.

ಎರಡು: ಸ್ಪರ್ಧೆ ಇಡಬೇಡಿ. ಅತಿ ಹೆಚ್ಚು ಓದಿದವರಿಗೆ ಬಹುಮಾನ ಎಂದರೆ ನಿಧಾನವಾಗಿ ಓದುವ ಮಗು ಮೊದಲ ದಿನವೇ ಸೋಲೊಪ್ಪಿಕೊಳ್ಳುತ್ತದೆ. ಬ್ರಿಟನ್ನಿನ ಗ್ರಂಥಾಲಯಗಳಲ್ಲಿ 1999ರಿಂದ ನಡೆಯುತ್ತಿರುವ ಬೇಸಿಗೆ ಓದಿನ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಆರು ಪುಸ್ತಕದ ಗುರಿ ಇಟ್ಟುಕೊಂಡು ಬಂದಿದ್ದಾರೆ. ಯಾವ ಪುಸ್ತಕವಾದರೂ ಸರಿ, ಮುಗಿಸಿದವರಿಗೆಲ್ಲ ಪ್ರಮಾಣಪತ್ರ. ನಮಗೂ ಅದೇ ದಾರಿ ಒಳ್ಳೆಯದು. ಮಗು ಬರೆದಿಡುವ ಓದಿನ ದಿನಚರಿಯಲ್ಲಿ ಪುಟದ ಲೆಕ್ಕ ಬೇಡ, ‘ಇಂದು 20 ನಿಮಿಷ ಓದಿದೆ’ ಎಂಬ ಸಾಲು ಸಾಕು.

ಮೂರು: ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಬೈಯಬೇಡಿ. ದಿನಚರಿಯಲ್ಲಿ ‘ಬಿಟ್ಟೆ, ಯಾಕೆಂದರೆ…’ ಎಂದು ಬರೆಯಲಿ. ತನಗೇನು ಇಷ್ಟವಿಲ್ಲ ಎಂದು ಹೇಳಬಲ್ಲ ಮಗುವಿಗೆ ತನಗೇನು ಬೇಕೆಂಬುದೂ ಬೇಗ ತಿಳಿಯುತ್ತದೆ.

ನಾಲ್ಕು: ಚಿತ್ರಕಥೆ, ಪತ್ತೇದಾರಿ, ನಗೆಹನಿ ಓದಿದರೆ ಕೀಳಾಗಿ ಕಾಣಬೇಡಿ. ಓದಿನ ರುಚಿ ಹತ್ತುವುದು ಅಲ್ಲಿಂದಲೇ.

ಐದು: ಹೆಣ್ಣುಮಕ್ಕಳನ್ನು ಮನೆಗೆಲಸದ ನೆಪದಲ್ಲಿ ಮನೆಯಲ್ಲೇ ಉಳಿಸಬೇಡಿ. ರಜೆ ಬಂದರೆ ಅಣ್ಣನಿಗೆ ಆಟ, ತಂಗಿಗೆ ಪಾತ್ರೆ ಎಂಬ ಮನೆಗಳು ಇನ್ನೂ ಇವೆ. ಗಂಡಸರೇ ತುಂಬಿದ ಓದುವ ಕೋಣೆಗೆ ಒಬ್ಬೊಬ್ಬರೇ ಹೋಗಲು ಹುಡುಗಿಯರು ಹಿಂಜರಿಯುವುದು ಸಹಜ. ಗುಂಪಾಗಿ ಕಳಿಸಿ, ಮಕ್ಕಳಿಗೆಂದೇ ಒಂದು ತಾಸು ಗೊತ್ತುಮಾಡಿಸಿ, ತಾಯಂದಿರಲ್ಲೊಬ್ಬರು ಜೊತೆಗಿರಲಿ.

ಫೋನಿನಲ್ಲಿ ಓದುವುದಾದರೆ

ಗ್ರಂಥಾಲಯ ದೂರವಿದ್ದರೆ, ಪುಸ್ತಕ ಸಾಲದಿದ್ದರೆ ಫೋನನ್ನೂ ದುಡಿಸಿಕೊಳ್ಳಬಹುದು. ಗ್ರಂಥಾಲಯ ಇಲಾಖೆಯ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ, ನೋಂದಣಿ ಉಚಿತ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಲೂಬಹುದು. ಅರಿವು ಕೇಂದ್ರದ ಟಿ.ವಿ.ಯಲ್ಲಿ ಈ ಕಥೆಗಳನ್ನು ದೊಡ್ಡದಾಗಿ ತೋರಿಸಿ ಇಪ್ಪತ್ತು ಮಕ್ಕಳು ಒಟ್ಟಿಗೆ ಓದುವಂತೆ ಮಾಡಬಹುದು. ದೃಷ್ಟಿದೋಷವಿರುವ ಮಕ್ಕಳಿಗೆ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವಿದೆ. ಆದರೆ ಫೋನ್ ಹಿರಿಯರ ಕೈಯಲ್ಲೇ ಇರಲಿ, ಪಕ್ಕದಲ್ಲಿ ಕೂತೇ ಓದಿಸಿ.

ಗ್ರಂಥಪಾಲಕರಿಗೆ, ಪಂಚಾಯಿತಿಗೆ ಒಂದು ಮಾತು

ಪುಸ್ತಕ ಕಳೆದರೆ ತಮ್ಮ ತಲೆಗೆ ಬರುತ್ತದೆ ಎಂಬ ಅಂಜಿಕೆಯಿಂದ ಅನೇಕ ಕಡೆ ಮಕ್ಕಳ ಪುಸ್ತಕಗಳು ಬೀರುವಿನಲ್ಲೇ ಉಳಿಯುತ್ತವೆ. ಆ ಅಂಜಿಕೆ ಸುಳ್ಳಲ್ಲ. ಹರಿದ, ಕಳೆದ ಪುಸ್ತಕಗಳ ಹೊರೆಯನ್ನು ಗ್ರಂಥಾಲಯದ ಮೇಲ್ವಿಚಾರಕರೊಬ್ಬರ ಮೇಲೇ ಹೊರಿಸದೆ, ಬೇಸಿಗೆಯ ಎರಡು ತಿಂಗಳ ಸಹಜ ಸವಕಳಿ ಎಂದು ಒಪ್ಪಿಕೊಳ್ಳುವ ತೀರ್ಮಾನವನ್ನು ಪಂಚಾಯಿತಿ ಸಭೆಯಲ್ಲೇ ಮಾಡಬೇಕು. ಆಗ ಬೀರುವಿನ ಬೀಗ ತೆಗೆಯುವ ಧೈರ್ಯ ಬರುತ್ತದೆ. ಮಕ್ಕಳ ಪುಸ್ತಕಗಳು ಮಕ್ಕಳ ಎತ್ತರಕ್ಕೆ, ಮುಖಪುಟ ಕಾಣುವಂತೆ ಇರಲಿ. ಕುಡಿಯುವ ನೀರು, ಫ್ಯಾನು, ಬಳಸಲು ಯೋಗ್ಯವಾದ ಶೌಚಾಲಯ ಇರಲಿ. ಇವು ಮೂರು ಇಲ್ಲದೆ ಮೇ ತಿಂಗಳಲ್ಲಿ ಯಾವ ಮಗುವೂ ಒಂದು ತಾಸು ಕೂರುವುದಿಲ್ಲ.

ಊರಿನವರು ಮಾಡಬಹುದಾದ್ದೂ ಇದೆ. ‘ಪುಸ್ತಕ ಜೋಳಿಗೆ’ ಎಂಬ ಹೆಸರಿನಲ್ಲಿ ಪಂಚಾಯಿತಿಗಳು ಮನೆಮನೆಯಿಂದ ಪುಸ್ತಕ ಸಂಗ್ರಹಿಸಿದ್ದುಂಟು. ಹಳೆಯ ಗೈಡು, ಹರಿದ ಪಠ್ಯಪುಸ್ತಕ ಹಾಕಬೇಡಿ, ನಿಮ್ಮ ಮಕ್ಕಳು ಇಷ್ಟಪಟ್ಟು ಓದಿದ ಪುಸ್ತಕಗಳನ್ನೇ ಕೊಡಿ. ಗ್ರಂಥಾಲಯದಲ್ಲಿ ಏನು ಕೊರತೆ ಎಂದು ಹೇಳಲು ಮಕ್ಕಳಿಗೇ ವೇದಿಕೆಯೊಂದಿದೆ: ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆ. ಬೇಸಿಗೆಯಲ್ಲಿ ಓದಿದ ಮಕ್ಕಳು ಅಲ್ಲಿ ಎದ್ದು ನಿಂತು ‘ನಮಗೆ ಈ ಪುಸ್ತಕ ಬೇಕು’ ಎಂದು ಹೆಸರು ಹೇಳಿ ಕೇಳಲಿ. ಹಾಗೆ ಕೇಳಿದ್ದು ನಡಾವಳಿ ಪುಸ್ತಕಕ್ಕೆ ಸೇರಬೇಕು, ಮುಂದಿನ ಖರೀದಿಯ ಪಟ್ಟಿಯಲ್ಲೂ ಕಾಣಬೇಕು.

ಶಾಲೆ ಮತ್ತೆ ಶುರುವಾದ ಮೇಲೆ ಕಾರ್ಡನ್ನು ಎತ್ತಿಡಬೇಡಿ. ವಾರಕ್ಕೆ ಒಂದು ಸಂಜೆ, ತಿಂಗಳಿಗೆ ಎರಡು ಪುಸ್ತಕ ಎಂಬ ರೂಢಿ ಮುಂದುವರಿಯಲಿ. ಈ ವಾರವೇ ಮಗುವನ್ನು ಕರೆದುಕೊಂಡು ನಿಮ್ಮ ಹತ್ತಿರದ ಗ್ರಂಥಾಲಯಕ್ಕೆ ಹೋಗಿ, ಸದಸ್ಯತ್ವ ಮಾಡಿಸಿ, ಮೊದಲ ಪುಸ್ತಕವನ್ನು ಮಗುವೇ ಆರಿಸಲು ಬಿಡಿ. ಮಕ್ಕಳು ಬಂದು ಕೇಳಿದಷ್ಟೂ ಗ್ರಂಥಾಲಯ ಬೆಳೆಯುತ್ತದೆ, ಯಾರೂ ಕೇಳದಿದ್ದರೆ ಬೀಗ ಬೀಳುತ್ತದೆ.